ಐದನೆಯ ಫೈಲು

"ಮತ್ತೆ ಐದು!" ಎಂದ ಮೈದುನ.

ಅವನ ರಿಪೇರಿ ಅಂಗಡಿಯ ಮೇಜಿನ ಮೇಲೆ ಕೂರಿಸಿದ್ದ ಹಳೆಯ ಕಂಪ್ಯೂಟರಿನ ಉಬ್ಬು ಪರದೆಯ ಮೇಲೆ ಐದು ಫೈಲುಗಳ ಹೆಸರು ಸಾಲಾಗಿ ನಿಂತಿತ್ತು. ಅವನು ಗುಂಡಿ ಒತ್ತಿದ. ಡ್ರೈವ್ ಕಿರ್ರೆಂದು ಟ್ರೇ ಹೊರಗೆ ಚಾಚಿತು. ಡಿಸ್ಕನ್ನು ಅಂಚಿನಲ್ಲಿ ಹಿಡಿದೆತ್ತಿ ಪಕ್ಕದ ಮೇಜಿನ ಹೊಸ ಕಂಪ್ಯೂಟರಿಗೆ ಹಾಕಿದ.

"ಇಲ್ಲಿ ನಾಲ್ಕೇ. ಒಂದೇ ಡಿಸ್ಕು, ಎರಡು ಮಾತು. ಎರಡರಲ್ಲಿ ಒಂದು ಡ್ರೈವಂತೂ ಸುಳ್ಳು ಹೇಳ್ತಿದೆ ಅತ್ತಿಗೆ."

"ಯಾವುದು ಅಂತ ಹೇಳು. ಅದಕ್ಕೇ ತಾನೇ ನಿನ್ನ ಹತ್ರ ತಂದಿರೋದು?" ಎಂದರು ಅತ್ತಿಗೆ, ಸ್ಟೂಲನ್ನು ಮುಂದಕ್ಕೆ ಎಳೆದುಕೊಳ್ಳುತ್ತ.

ಮೈದುನ ಕೂಗಿ ಕೂಗಿ ಊರಿಗೆಲ್ಲ ಅವರು ಅತ್ತಿಗೆಯೇ ಆಗಿಬಿಟ್ಟಿದ್ದರು. ಪೊಲೀಸರು ಕೈಬಿಟ್ಟ ಪ್ರಕರಣ, ಮನೆಯವರು ಮರೆಯಲೊಲ್ಲದ ಪ್ರಕರಣ ಅವರ ಬಾಗಿಲಿಗೆ ಬರುತ್ತಿತ್ತು. ಈ ಸಲ ಬಂದದ್ದು ಇಪ್ಪತ್ತು ವರ್ಷ ಹಳೆಯದು: ರೆಕಾರ್ಡಿಂಗ್ ಸ್ಟುಡಿಯೋ ಒಂದಕ್ಕೆ ರಾತ್ರಿ ಬೆಂಕಿ ಬಿದ್ದು ಮಾಲೀಕನ ಅಣ್ಣ ಒಳಗೇ ಸತ್ತಿದ್ದರು. ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ನಿನ ಸ್ವಿಚ್ ಆರಿಸಲು ಮರೆತನೆಂಬ ತಪ್ಪು ಅಲ್ಲಿನ ರೆಕಾರ್ಡಿಸ್ಟನ ತಲೆಗೆ ಬಂದಿತ್ತು.

ಆ ರೆಕಾರ್ಡಿಸ್ಟನ ಮಗಳು ಈಗ ಎದುರಿಗೇ ಕೂತಿದ್ದಳು. ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ನರ್ಸ್. ಕಾಲಲ್ಲಿ ಬಿಳಿ ಬೂಟು, ಕಣ್ಣಲ್ಲಿ ನಿದ್ದೆ. ಅಪ್ಪ ತೀರಿಕೊಂಡ ಮೇಲೆ ಬಿಸ್ಕತ್ ಡಬ್ಬಿಯಲ್ಲಿ ಅವಳಿಗೆ ಸಿಕ್ಕಿದ್ದು ಈ ಡಿಸ್ಕು. ಅಪ್ಪನದೇ ಹಳೆಯ ಕಂಪ್ಯೂಟರಿಗೆ ಹಾಕಿ ಹಾಡು ಕೇಳಲು ಕೂತವಳಿಗೆ ನಾಲ್ಕು ಹಾಡಿನ ಕೆಳಗೆ ಐದನೆಯದೊಂದು ಕಂಡಿತು. ಅದಕ್ಕೆ ಹೆಸರಿಲ್ಲ, ಬರೀ ಅಂಕಿ. ಒತ್ತಿದರೆ ಡ್ರೈವ್ ಗರ್ರೆಂದು ಅಬ್ಬರಿಸಿ ಸುಮ್ಮನಾಗುತ್ತಿತ್ತು.

"ಡ್ರೈವ್ ಕೆಟ್ಟಿದೆ, ಇಲ್ಲದ್ದೆಲ್ಲ ತೋರಿಸುತ್ತೆ, ಬಿಸಾಕು ಅಂದ್ರು ಎಲ್ರೂ," ಎಂದಳು ನರ್ಸ್. "ಅಪ್ಪನ ಹಳೇ ಮಾಲೀಕರಿಗೂ ತೋರಿಸಿದೆ. ಅವರೂ ಅದನ್ನೇ ಅಂದ್ರು. ಆದ್ರೆ ಮಾರನೇ ದಿನವೇ ಫೋನ್ ಮಾಡಿ, ಆ ಕಂಪ್ಯೂಟರ್ ನನಗೇ ಕೊಟ್ಬಿಡಮ್ಮ ಅಂದ್ರು."

"ಕೆಟ್ಟದ್ದನ್ನ ಕೇಳಿ ತಗೊಳ್ಳೋರು ಕಮ್ಮಿ," ಎಂದರು ಅತ್ತಿಗೆ. "ಶುರು ಮಾಡೋ."

ಮೈದುನ ಶುರು ಮಾಡಿದ. ಮೊದಲು ಕೇಬಲ್ ಬದಲಿಸಿ ನೋಡಿದ. ಮತ್ತೆ ಐದು. ಡ್ರೈವನ್ನು ಹೊರಗೆಳೆದು ತಿರುಪು ಬಿಚ್ಚಿ ಮುಚ್ಚಳ ತೆಗೆದ. ಒಳಗೆ ಬೇಳೆಯಷ್ಟು ಗಾತ್ರದ ಮಸೂರ, ಅದರ ಮೇಲೆ ಬೂದಿಬಣ್ಣದ ಧೂಳು. ಹತ್ತಿಗೆ ಸ್ಪಿರಿಟ್ ಹಚ್ಚಿ, ಮಗುವಿನ ಕಣ್ಣು ಒರೆಸುವಷ್ಟು ಹಗುರವಾಗಿ ಒರೆಸಿದ. ಜೋಡಿಸಿ ಹಾಕಿದರೆ ಮತ್ತೂ ಐದೇ.

"ಮೊಂಡುತನ ನೋಡಿ ಇದರದ್ದು! ಬೇರೆ ಡಿಸ್ಕು ಹಾಕಿ ಪರೀಕ್ಷೆ ಮಾಡೋಣ."

ಅವನು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಮುಚ್ಚಳ ತೆಗೆದದ್ದೇ ತಡ, ಅಂಗಡಿಗೆ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಹರಡಿತು. ಒಂದರ ಮೇಲೊಂದು ನೂರಾರು ಡಿಸ್ಕುಗಳು, ಎಲ್ಲದರ ಬೆನ್ನ ಮೇಲೂ ಮಾರ್ಕರ್ ಪೆನ್ನಿನ ಅಕ್ಷರ.

ಈ ಅಂಗಡಿಯ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ ಒಂದಿತ್ತು. ಮದುವೆಯ ಫೋಟೋ, ಮಗುವಿನ ತೊದಲು ಮಾತು, ಮೆಚ್ಚಿನ ಹಾಡು, ಏನೇ ಇರಲಿ, ಡಿಸ್ಕಿಗೆ ಬರೆಸಿಕೊಂಡು ಹೋಗುತ್ತಿದ್ದರು. ಬರೆಯುವಾಗ ಮೇಜು ಅಲುಗಿದರೆ ಕೆಲಸ ಕೆಟ್ಟಿತು. ಪರದೆಯ ಹಸಿರು ಪಟ್ಟಿ ತುದಿ ಮುಟ್ಟುವವರೆಗೂ ಮೈದುನ ಯಾರನ್ನೂ ಉಸಿರಾಡಲು ಬಿಡುತ್ತಿರಲಿಲ್ಲ. ಕೆಟ್ಟ ಡಿಸ್ಕುಗಳು ಟೀ ಲೋಟದ ತಟ್ಟೆಗಳಾದವು, ಮಕ್ಕಳ ಸೈಕಲ್ ಚಕ್ರಕ್ಕೆ ಒಡವೆಯಾದವು, ಬಾಲ್ಕನಿಯಲ್ಲಿ ತೂಗಾಡಿ ಪಾರಿವಾಳಗಳನ್ನು ಬೆದರಿಸಿದವು.

"ನಮ್ಮಪ್ಪನೂ ತರ್ತಿದ್ರು," ಎಂದಳು ನರ್ಸ್, ಒಂದು ಡಿಸ್ಕನ್ನು ಬೆರಳಿಗೆ ಸಿಕ್ಕಿಸಿಕೊಂಡು. "ನಾನು ಮಗ್ಗಿ ಹೇಳಿದ್ದನ್ನೂ ರೆಕಾರ್ಡ್ ಮಾಡಿದ್ರು. ಎಂಟರ ಮಗ್ಗಿಯಲ್ಲಿ ತಪ್ಪಿದ್ದೆ. ಸರಿ ಮಾಡಿ ಇನ್ನೊಂದ್ಸಲ ಹೇಳ್ತೀನಿ ಅಂದ್ರೆ, ಬೇಡ, ತಪ್ಪೇ ಚಂದ ಅಂದ್ರು."

ಆಮೇಲೆ ಅವಳ ನಗು ಮಾಸಿತು. "ಬೆಂಕಿ ಬಿದ್ದ ಮೇಲೆ ಮೈಕ್ ಮುಟ್ಟಲೇ ಇಲ್ಲ. ಫ್ಯಾನ್ ರಿಪೇರಿ ಮಾಡಿಕೊಂಡು ಬದುಕಿದ್ರು. ನನಗೆ ಶಾಲೆಯಲ್ಲಿ ಹೆಸರೇ ಇರ್ಲಿಲ್ಲ. ಸ್ವಿಚ್ ಮರೆತವನ ಮಗಳು ಅಷ್ಟೇ."

ಪೆಟ್ಟಿಗೆಯೊಳಗೆ ಅತ್ತಿಗೆಯ ಕೈ ಒಂದು ಡಿಸ್ಕಿನ ಮೇಲೆ ನಿಂತಿತ್ತು. ಬಲಕ್ಕೆ ವಾಲಿದ ದುಂಡು ಅಕ್ಷರ: ಬೆಟ್ಟದ ಪ್ರವಾಸ. ತೀರಿಹೋದ ಗಂಡನ ಕೈಬರಹ.

"ಇದನ್ನ ಹಾಕು."

ಹಳೆಯ ಡ್ರೈವ್ ಅದನ್ನು ಗಟಗಟನೆ ಓದಿತು. ಪರದೆಯ ಫೋಟೋದಲ್ಲಿ ಅಗ್ನಿಶಾಮಕ ಇಲಾಖೆಯ ಅಧಿಕಾರಿಯಾಗಿದ್ದ ಗಂಡ ಸಮವಸ್ತ್ರ ಕಳಚಿಟ್ಟು, ಸ್ವೆಟರ್ ತೊಟ್ಟು, ಮಂಜಿನಲ್ಲಿ ಕಣ್ಣು ಕಿರಿದು ಮಾಡಿ ನಿಂತಿದ್ದರು. ಪಕ್ಕದಲ್ಲಿ ಎರಡು ಜಡೆಯ ಅತ್ತಿಗೆ.

"ಅಣ್ಣ ಎಷ್ಟು ಸಣ್ಣ ಇದ್ದ ಆಗ," ಎಂದ ಮೈದುನ.

"ನಾನೂ ಇದ್ದೆ ಕಣೋ." ಅತ್ತಿಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಆಯ್ತು, ಮುಂದಿಂದು."

ಕಂಪನಿ ಡಿಸ್ಕುಗಳನ್ನು ಹಾಕಿದರು, ಮನೆಯಲ್ಲಿ ಬರೆದವನ್ನು ಹಾಕಿದರು, ಗೀರು ಬಿದ್ದವನ್ನೂ ಹಾಕಿದರು. ಒಂದೆರಡನ್ನು ಹಳೆಯ ಡ್ರೈವ್ ಓದಲಾರೆ ಎಂದಿತು. ಓದಿದ ಪ್ರತಿಯೊಂದನ್ನೂ ಹೊಸ ಕಂಪ್ಯೂಟರಿನಷ್ಟೇ ಸರಿಯಾಗಿ ಓದಿತು.

"ನೋಡು," ಎಂದರು ಅತ್ತಿಗೆ. "ಇದಕ್ಕೆ ಕಣ್ಣು ಮಂಜಾಗಿದೆ, ಸುಸ್ತಾಗಿದೆ, ಒಪ್ಪಿದೆ. ಆದ್ರೆ ಇಲ್ಲದ್ದನ್ನ ಎಲ್ಲೂ ಹುಟ್ಟಿಸಿ ಹೇಳ್ಲಿಲ್ಲ. ಈ ಒಂದು ಡಿಸ್ಕಿನ ವಿಷಯಕ್ಕೆ ಮಾತ್ರ ಯಾಕೆ ಸುಳ್ಳು ಹೇಳುತ್ತೆ?"

ಅವರು ರೆಕಾರ್ಡಿಸ್ಟನ ಡಿಸ್ಕನ್ನು ಎತ್ತಿಕೊಂಡು ಬಾಗಿಲ ಬಿಸಿಲಿಗೆ ಹೋದರು. ಅಡಿಯ ಮೈಯನ್ನು ಮೇಲೆ ಮಾಡಿ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರು. ಕಾಮನಬಿಲ್ಲು ಜಾರಿತು. ಅದರ ಹಿಂದೆ ಇನ್ನೇನೋ ಕಂಡಿತು.

"ಇಲ್ಲಿ ಬಾ. ಬಣ್ಣ ಎರಡು ಥರ ಇಲ್ವಾ?"

ಮೈದುನ ಬಗ್ಗಿ ನೋಡಿದ. ನಡುವಿನ ತೂತಿನ ಸುತ್ತ ಒಂದು ಅಗಲವಾದ ಗಾಢ ಬಳೆ. ಆಮೇಲೆ ಕೂದಲೆಳೆಯ ಸಂದು. ಅದರಾಚೆ ಇನ್ನೊಂದು ತೆಳು ಬಳೆ.

ಅವನು ಹಣೆ ಚಚ್ಚಿಕೊಂಡ. "ಥೂ ನನ್ನ! ಇಂಥವನ್ನ ದಿನಾ ಬರೀತಿದ್ದೆ ನಾನು, ಹೊಳೀಲೇ ಇಲ್ಲ. ಇದಕ್ಕೆ ಎರಡು ಸಲ ಬರೆದಿದ್ದಾರೆ ಅತ್ತಿಗೆ."

"ನನಗೆ ಅರ್ಥ ಆಗೋ ಹಾಗೆ ಹೇಳಿ ಅಣ್ಣಾ," ಎಂದಳು ನರ್ಸ್.

"ಡಿಸ್ಕಿಗೆ ಒಳಗಿಂದ ಹೊರಕ್ಕೆ ಬರೆಯೋದಮ್ಮ. ಮೊದಲ ಸಲ ಐದು ಫೈಲು ಬರೆದ್ರು, ಐದರ ಪಟ್ಟಿ ಇಟ್ರು. ಆಮೇಲೆ ಇನ್ಯಾವತ್ತೋ ಯಾರೋ ಹೊರಗಡೆ ಇನ್ನೊಂದು ಪಟ್ಟಿ ಬರೆದು, ಅದರಲ್ಲಿ ನಾಲ್ಕೇ ಹೆಸರು ಹಾಕಿದ್ರು. ಹೊಸ ಡ್ರೈವ್ ಕೊನೇ ಪಟ್ಟಿ ನೋಡುತ್ತೆ, ನಾಲ್ಕು ಅನ್ನುತ್ತೆ. ನಿಮ್ಮಪ್ಪನ ಡ್ರೈವ್‌ಗೆ ವಯಸ್ಸಾಗಿದೆ, ಎರಡನೇ ಪಟ್ಟಿವರೆಗೂ ಹೋಗೋ ಶಕ್ತಿ ಇಲ್ಲ. ಮೊದಲನೇದನ್ನೇ ಓದುತ್ತೆ."

"ಹಾಗಾದ್ರೆ ಐದನೇದು ಅಳಿಸಿ ಹೋಗಿಲ್ವಾ?"

"ಈ ಥರದ ಡಿಸ್ಕಲ್ಲಿ ಅಳಿಸೋಕೇ ಆಗಲ್ಲ. ಹೆಸರು ಬಿಟ್ಟು ಹೊಸ ಪಟ್ಟಿ ಮಾಡಬಹುದು, ಅಷ್ಟೇ. ಫೈಲು ಅಲ್ಲೇ ಕೂತಿದೆ, ಕಲ್ಲಿನ ಹಾಗೆ."

ನರ್ಸ್ ಹಳೆಯ ಕಂಪ್ಯೂಟರಿನ ನೆತ್ತಿಯ ಮೇಲೆ ಕೈಯಿಟ್ಟಳು. ಎಲ್ಲರೂ ಕೆಟ್ಟಿದೆ ಎಂದಿದ್ದ ಯಂತ್ರವೊಂದೇ ನಿಜ ಹೇಳುತ್ತಿತ್ತು.

"ಎರಡನೇ ಸಲ ಬರೆದದ್ದು ಯಾವಾಗ?" ಎಂದರು ಅತ್ತಿಗೆ.

ಮೈದುನ ಹೊಸ ಕಂಪ್ಯೂಟರಿನಲ್ಲಿ ತಡಕಾಡಿದ. "ಮೊದಲನೇದು ಬೆಂಕಿ ಬಿದ್ದ ದಿನವೇ, ಸಂಜೆ. ಎರಡನೇದು ಮುಂದಿನ ವಾರ."

"ಮುಂದಿನ ವಾರವಾ?" ನರ್ಸಿನ ಹುಬ್ಬು ಗಂಟಿಕ್ಕಿತು. "ಮೊದಲನೇದು ಅಪ್ಪನೇ ಬರೆದಿರ್ತಾರೆ, ದಿನಾ ಸಂಜೆ ಅವತ್ತಿನ ಫೈಲುಗಳನ್ನೆಲ್ಲ ತೆರೆದೂ ನೋಡದೆ ಡಿಸ್ಕಿಗೆ ಹಾಕ್ಕೊಂಡು ಮನೆಗೆ ಬರ್ತಿದ್ರು. ಆದ್ರೆ ಮುಂದಿನ ವಾರ ಡಿಸ್ಕು ನಮ್ಮನೇಲಿ ಇರ್ಲಿಲ್ಲ. ಬೆಂಕಿ ಬಿದ್ದ ಮಾರನೇ ದಿನ ಅಪ್ಪನ ಚೀಲ ತಗೊಂಡು ಹೋದ್ರು, ಡಿಸ್ಕು ಅದರಲ್ಲೇ ಇತ್ತು. ವಿಚಾರಣೆ ಎಲ್ಲಾ ಮುಗಿದ ಮೇಲೆ ವಾಪಸ್ ಬಂತು. ಅಪ್ಪ ಡಬ್ಬಿಗೆ ಹಾಕಿಟ್ಟೋರು ಮತ್ತೆ ಮುಟ್ಟಲಿಲ್ಲ."

"ಯಾರು ತಗೊಂಡು ಹೋದ್ರು?"

ನರ್ಸ್ ತಲೆ ತಗ್ಗಿಸಿದಳು. "ಫೈರ್ ಆಫೀಸಿನವರು."

ಮೈದುನ ಥಟ್ಟನೆ ಅತ್ತಿಗೆಯ ಕಡೆ ತಿರುಗಿದ.

ಆ ವಿಚಾರಣೆ ನಡೆಸಿದ್ದು ಅತ್ತಿಗೆಯ ಗಂಡ. ಮೊದಲ ದಿನವೇ ಅತ್ತಿಗೆ ಅದನ್ನು ಹೇಳಿದ್ದರು. ನನ್ನ ಗಂಡ ಬರೆದ ವರದಿ ತಪ್ಪಿರಬಹುದು, ಆದರೂ ನನ್ನನ್ನು ನಂಬ್ತೀಯಾ ಎಂದು ಕೇಳಿದ್ದರು. ನರ್ಸ್ ಕೊಟ್ಟ ಉತ್ತರ ಅವರಿಗೆ ಹಿತವೆನಿಸಿತ್ತು: ವಿಚಾರಣೆಯ ದಿನ ಅಪ್ಪನ ಭುಜದ ಮೇಲೆ ಕೈಯಿಟ್ಟು ಮಾತಾಡಿಸಿದವರು ನಿಮ್ಮ ಯಜಮಾನರೊಬ್ಬರೇ.

"ಆ ಆಫೀಸಲ್ಲಿ ಬೇಕಾದಷ್ಟು ಜನ ಇದ್ರು," ಎಂದ ಮೈದುನ ಅವಸರವಾಗಿ.

"ಇದ್ರು," ಎಂದರು ಅತ್ತಿಗೆ.

ಅಷ್ಟರಲ್ಲಿ ಬಾಗಿಲ ಬಿಸಿಲಿಗೆ ಯಾರೋ ಅಡ್ಡ ನಿಂತರು.

"ಒಳಗೆ ಬರಬಹುದಾ? ಹಳೇ ಹಾಡಿನ ವಾಸನೆ ಹಿಡ್ಕೊಂಡು ಬಂದೆ!"

ಸ್ಟುಡಿಯೋ ಮಾಲೀಕ. ಈಗ ಅವನದು ಮುಖ್ಯ ರಸ್ತೆಯಲ್ಲಿ ಮೂರಂತಸ್ತಿನ ಪೀಠೋಪಕರಣದ ಮಳಿಗೆ. ಒಪ್ಪವಾಗಿ ಬಾಚಿದ ಬೆಳ್ಳನೆಯ ಕೂದಲು, ಇಸ್ತ್ರಿಯ ಗೆರೆ ಮುರಿಯದ ಅಂಗಿ. ಯಾರೂ ಹೇಳುವ ಮುಂಚೆ ಕುರ್ಚಿ ಎಳೆದು ಕೂತ.

"ನೀವು ಇಲ್ಲಿರ್ತೀರಿ ಅಂತ ಈ ಮಗು ಆಸ್ಪತ್ರೆಯಲ್ಲಿ ಹೇಳಿ ಬಂದಿತ್ತಂತೆ. ಅತ್ತಿಗೆಯವರೇ, ಸುತ್ತಿ ಬಳಸಿ ಮಾತಾಡಲ್ಲ. ಆ ಕಂಪ್ಯೂಟರ್, ಆ ಡಿಸ್ಕು ಎರಡೂ ನನಗೆ ಕೊಡ್ಸಿ. ಮಳಿಗೆಯಲ್ಲಿ ಗಾಜಿನ ಕಪಾಟು ಮಾಡಿಸ್ತೀನಿ. ಅಣ್ಣನ ಕೊಳಲು ಸುಟ್ಟು ಹೋಯ್ತು, ಅವನ ಕೊನೇ ಹಾಡಾದ್ರೂ ನನ್ನ ಹತ್ರ ಇರ್ಲಿ."

ಅವನ ದನಿ ಗದ್ಗದವಾಗಿತ್ತು. ಅದು ಪೂರಾ ನಟನೆಯಲ್ಲವೆಂದು ಅತ್ತಿಗೆಗೆ ಅನಿಸಿತು. ಕೊಳಲಿನಣ್ಣ ಎಂದರೆ ಒಂದು ಕಾಲಕ್ಕೆ ಊರೇ ಕಿವಿಗೊಡುತ್ತಿತ್ತು. ಅವರ ಕೊಳಲು ಕೇಳಿ ಬೆಳೆದವರಲ್ಲಿ ಅತ್ತಿಗೆಯೂ ಒಬ್ಬರು.

"ಅವತ್ತು ಮಧ್ಯಾಹ್ನ ಸ್ಟುಡಿಯೋದಲ್ಲಿ ಯಾರ್ಯಾರಿದ್ರಿ?"

"ನಾನು, ಅಣ್ಣ, ಈ ಮಗುವಿನ ಅಪ್ಪ. ಇನ್ಯಾರೂ ಇಲ್ಲ. ನಿಮ್ಮ ಯಜಮಾನರು ಕೂಡ ಬೆಂಕಿ ಬಿದ್ದ ಮೇಲೇ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿದ್ದು."

"ಅವರ ವಿಷಯ ನಾನು ಕೇಳ್ಲಿಲ್ಲ."

ಮಾಲೀಕ ನಕ್ಕ. "ಮಾತಿಗೆ ಬಂತು, ಹೇಳ್ದೆ."

"ಹಾಡು ಬೇಕಾದ್ರೆ ನಾಲ್ಕೂ ಬರೆದುಕೊಡ್ತಾನೆ ಇವನು, ಈಗಲೇ. ಹಳೇ ಕಂಪ್ಯೂಟರ್ ಯಾಕೆ?"

"ನೆನಪಿಗೆ. ಎಲ್ಲಿ, ಡಿಸ್ಕು ಒಮ್ಮೆ ಕೈಗೆ ಕೊಡಿ. ಅಯ್ಯೋ, ನಮ್ಮ ಸ್ಟುಡಿಯೋ ಲೇಬಲ್ ಹಾಗೇ ಇದೆಯಲ್ಲ!"

ನರ್ಸ್ ಮನಸ್ಸು ಕರಗಿ ಕೊಟ್ಟುಬಿಟ್ಟಳು. ಡಿಸ್ಕಿನ ಬೆನ್ನಿಗೆ ಅಂಟಿಸಿದ್ದ ದುಂಡನೆಯ ಕಾಗದದ ಲೇಬಲ್ ಹಳದಿಯಾಗಿತ್ತು, ಒಂದು ಅಂಚು ಎದ್ದಿತ್ತು. ಮಾಲೀಕ ಅದನ್ನು ಸವರಿದ. ಹೆಬ್ಬೆರಳಿನ ಉಗುರು ಎದ್ದ ಅಂಚಿನ ಕೆಳಗೆ ಜಾರಿತು.

ಅತ್ತಿಗೆ ಅವನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ.

"ಲೇಬಲ್ ಕಿತ್ತುಬಿಟ್ರೆ ಏನಾಗುತ್ತೆ ಸ್ವಾಮಿ?"

"ಏನಾಗುತ್ತೆ? ಎದ್ದಿತ್ತು, ನೆಟ್ಟಗೆ ಮಾಡ್ತಿದ್ದೆ."

"ಡಿಸ್ಕಿನ ಬರಹ ಇರೋದು ಲೇಬಲ್ ಕೆಳಗಡೇನೇ. ಕಾಗದ ಎಳೆದ್ರೆ ಅದರ ಜೊತೆ ಬೆಳ್ಳಿ ಹಾಳೆಯೂ ಎದ್ದು ಬರುತ್ತೆ, ಆಮೇಲೆ ದೇವರೇ ಬಂದ್ರೂ ಓದೋಕಾಗಲ್ಲ. ಇದು ಇವನಿಗೆ ಗೊತ್ತು. ಇವನು ಹೇಳಿ ನನಗೆ ಗೊತ್ತು. ಸ್ಟುಡಿಯೋ ನಡೆಸಿದ ನಿಮಗೆ ಗೊತ್ತಿಲ್ವಾ?"

ಮೈದುನ ಮುಂದೆ ಬಂದು ಡಿಸ್ಕನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡ. ನರ್ಸ್ ಬಿಳಿಚಿಕೊಂಡಿದ್ದಳು.

"ಅಂಕಲ್," ಎಂದಳು ಅವಳು. "ನಿಮ್ಮನ್ನ ನಾನು ಚಿಕ್ಕವಳಿದ್ದಾಗಿಂದ ಅಂಕಲ್ ಅಂತ ಕರೀತಿದ್ದೀನಿ."

ಮಾಲೀಕ ಅವಳತ್ತ ನೋಡಲಿಲ್ಲ. ಎದ್ದು ಅಂಗಿಯ ತೋಳು ಸರಿಮಾಡಿಕೊಂಡ. ಅತ್ತಿಗೆಯನ್ನೇ ದಿಟ್ಟಿಸಿದ. ದನಿಯಲ್ಲಿ ಈಗ ಗದ್ಗದವಿರಲಿಲ್ಲ, ಕನಿಕರದಂಥದ್ದೇನೋ ಇತ್ತು.

"ಅದನ್ನ ಓದಿಸ್ಬೇಡಿ. ಹೆದರಿಸ್ತಿಲ್ಲ, ಕೇಳ್ಕೋತಿದ್ದೀನಿ. ನನಗೆ ವಯಸ್ಸಾಯ್ತು, ನನ್ನ ಪಾಡು ಹೇಗೋ ಆಗುತ್ತೆ. ನೀವು ದಿನಾ ಹೂ ಹಾಕೋ ಫೋಟೋ ಒಂದಿದೆಯಲ್ಲ, ಅದರ ಮುಂದೆ ನಾಳೆ ನಿಂತ್ಕೊಳ್ಳೋಕೆ ನಿಮಗೇ ಆಗಲ್ಲ."

ಅವನು ಬಿಸಿಲಿಗೆ ಇಳಿದು ಹೊರಟುಹೋದ.

ಮೈದುನ ಡಿಸ್ಕನ್ನು ಎರಡು ಅಂಗೈಗಳ ನಡುವೆ ಹಿಡಿದು ನಿಂತಿದ್ದ. "ಅತ್ತಿಗೆ, ಇವತ್ತಿಗೆ ಸಾಕಾ?"

ಅತ್ತಿಗೆ ನರ್ಸಿನ ಬಿಳಿ ಬೂಟುಗಳನ್ನು ನೋಡುತ್ತಿದ್ದರು. ಇಡೀ ರಾತ್ರಿ ಯಾರ್ಯಾರದೋ ಹಾಸಿಗೆಯ ಪಕ್ಕ ನಿಂತು ಬಂದ ಬೂಟುಗಳು.

"ಓದುವಾಗ ಅಬ್ಬರಿಸಿ ನಿಂತುಹೋಗುತ್ತಲ್ಲ, ಯಾಕೆ?"

ಮೈದುನ ನಿಟ್ಟುಸಿರು ಬಿಟ್ಟ. "ಲೇಬಲ್ಲೇ ಕಾರಣ ಅನ್ಸುತ್ತೆ. ಒಂದು ಕಡೆ ಎದ್ದಿದೆ, ಭಾರ ಸಮ ಇಲ್ಲ. ಜೋರಾಗಿ ತಿರುಗಿದಾಗ ಡಿಸ್ಕು ಓಲಾಡುತ್ತೆ, ಡ್ರೈವಿನ ಕಣ್ಣಿಗೆ ಗೆರೆ ಸಿಗಲ್ಲ."

"ಹಾಗಿದ್ರೆ ನಿಧಾನಕ್ಕೆ ತಿರುಗಿಸು."

ಅದಕ್ಕೊಂದು ಸಣ್ಣ ಪ್ರೋಗ್ರಾಂ ಇತ್ತು, ತಗಡಿನ ಪೆಟ್ಟಿಗೆಯ ತಳದ ಒಂದು ಡಿಸ್ಕಿನಲ್ಲಿ. ಮೈದುನ ಅದನ್ನು ಹಾಕಿ ಡ್ರೈವಿನ ವೇಗವನ್ನು ತೀರ ಕೆಳಕ್ಕೆ ಇಳಿಸಿದ. ಎದ್ದ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಕೂರಿಸಿ, ಡಿಸ್ಕನ್ನು ಟ್ರೇಯಲ್ಲಿಟ್ಟ.

ಈ ಸಲ ಅಬ್ಬರವಿಲ್ಲ. ದೂರದಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವಂಥ ಸದ್ದು. ಐದನೆಯ ಫೈಲು ಚೂರು ಚೂರಾಗಿ ಕಂಪ್ಯೂಟರಿಗೆ ಇಳಿಯತೊಡಗಿತು. ಹಸಿರು ಪಟ್ಟಿ ಎರಡು ಸಲ ನಿಂತಿತು, ಎರಡು ಸಲವೂ ಹೊರಟಿತು. ಹಿಂದಿನ ಕಾಲದ ಹಾಗೆಯೇ ಯಾರೂ ಮೇಜು ಮುಟ್ಟಲಿಲ್ಲ.

ತುದಿ ಮುಟ್ಟಿತು. ಮೈದುನ ಸ್ಪೀಕರ್ ಗುಂಡಿ ತಿರುಗಿಸಿದ.

ಮೊದಲು ಬರೀ ಗಾಳಿ. ಕುರ್ಚಿ ಸರಿದ ಸದ್ದು. ಆಮೇಲೆ ಹತ್ತಿರದಲ್ಲೇ ಒಂದು ಗಂಡುದನಿ, ಹಗುರವಾಗಿ: "ಐರನ್ ಆರಿಸಿದ್ದೀನಿ ಸಾರ್, ಟೀ ಕುಡ್ದು ಬರ್ತೀನಿ."

"ಅಪ್ಪ," ಎಂದಳು ನರ್ಸ್. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಆರಿಸಿದ್ದೀನಿ ಅಂದ್ರು, ಕೇಳಿದ್ರಾ? ಆರಿಸಿದ್ದೀನಿ ಅಂದ್ರು!"

ಬಾಗಿಲು ಮುಚ್ಚಿತು. ಮೈಕ್ ಆರಿಸದೆ ಹೋಗಿದ್ದ ರೆಕಾರ್ಡಿಸ್ಟ್. ಖಾಲಿ ಕೋಣೆಯ ಮೌನ ಹರಿಯಿತು. ಮತ್ತೆ ಬಾಗಿಲು ತೆರೆಯಿತು, ಎರಡು ಜೊತೆ ಹೆಜ್ಜೆ.

"ಅವನು ಬರೋದು ಇನ್ನೂ ಹೊತ್ತಾಗುತ್ತೆ, ಹೇಳಿ." ಇದು ಮಾಲೀಕ. ಇಪ್ಪತ್ತು ವರ್ಷ ಚಿಕ್ಕವನು.

ಯಾರೋ ಗಂಟಲು ಸರಿಮಾಡಿಕೊಂಡರು.

ಅಷ್ಟೇ ಸಾಕಾಯಿತು. ಬಚ್ಚಲಿನಿಂದ ಬರುವಾಗ, ಪತ್ರಿಕೆ ಮಡಚುವಾಗ, ಊಟಕ್ಕೆ ಕರೆಯುವ ಮುಂಚೆ ಮನೆಯಲ್ಲಿ ಎಷ್ಟೋ ವರ್ಷ ಕೇಳಿದ್ದ ಸದ್ದು. ಅತ್ತಿಗೆಯ ಎದೆಯಲ್ಲಿ ಮೊದಲು ಹುಟ್ಟಿದ್ದು ಭಯವಲ್ಲ; ಸಂತೋಷ. ತಡೆಯಲಾರದಷ್ಟು, ನಾಚಿಕೆಯಾಗುವಷ್ಟು ಸಂತೋಷ. ಅವರು ಸ್ಪೀಕರಿನ ಕಡೆಗೆ ಬಾಗಿದರು.

"ಸೋಲ್ಡರಿಂಗ್ ಐರನ್ ಅಂತ ಬರೀತೀನಿ," ಎಂದಿತು ಗಂಡನ ದನಿ. "ಆರಿಸೋದು ಮರೆತ ಅಂತ. ಯಾರೂ ಎರಡನೇ ಪ್ರಶ್ನೆ ಕೇಳಲ್ಲ. ಆದ್ರೆ ಒಳಗೆ ಒಂದು ಜೀವವೂ ಇರಬಾರದು. ಆ ಮಾತು ಕೊಡಿ."

"ಯಾರೂ ಇರಲ್ಲ. ಅಣ್ಣನ್ನ ನಾನೇ ಮನೆಗೆ ಕಳಿಸ್ತೀನಿ. ವಿಮೆಯವರು ಬಂದ್ರೆ ನಿಮ್ಮ ವರದಿ ತೋರಿಸಿದ್ರಾಯ್ತು."

ಬೆಂಕಿ ಬೀಳುವುದಕ್ಕೆ ಇನ್ನೂ ಒಂದು ಸಂಜೆ ಬಾಕಿಯಿತ್ತು. ಕಾರಣ ಆಗಲೇ ತೀರ್ಮಾನವಾಗಿತ್ತು.

ಮೈದುನನ ಕೈ ಗುಂಡಿಯ ಕಡೆಗೆ ಹೋಯಿತು. "ನಿಲ್ಲಿಸ್ತೀನಿ ಅತ್ತಿಗೆ. ಅಣ್ಣ... ನಮ್ಮಣ್ಣ ಹಂಗೆಲ್ಲ..."

"ಬಿಡು," ಎಂದರು ಅತ್ತಿಗೆ. ದನಿ ಅವರದೇ ಎನಿಸಲಿಲ್ಲ. "ಇನ್ನೂ ಇದೆ. ಓಡ್ಲಿ."

ನರ್ಸ್ ಅವರ ಕೈ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಇಬ್ಬರಿಗೂ ಗೊತ್ತಿರಲಿಲ್ಲ.

ಸ್ಪೀಕರಿನಲ್ಲಿ ಏನೋ ಕಿರುಗುಟ್ಟಿತು. ಹಾಡುವವರು ನಿಲ್ಲುವ ಗಾಜಿನ ಕೋಣೆಯ ಬಾಗಿಲು. ಆಮೇಲೆ ಮೂರನೆಯ ದನಿ, ವಯಸ್ಸಾದದ್ದು, ಮೆತ್ತಗಿನದು. ಊರೆಲ್ಲ ಕಿವಿಗೊಟ್ಟಿದ್ದ ಕೊಳಲಿನಣ್ಣ.

"ನಾನು ಇಲ್ಲೇ ಮಲಗಿದ್ದೆ ಕಣಯ್ಯಾ. ಎಲ್ಲಾ ಕೇಳಿಸ್ಕೊಂಡೆ."

ಕುರ್ಚಿಯೊಂದು ಹಿಂದಕ್ಕೆ ಸರಿಯಿತು. ಮತ್ತೆ ಆ ಗಂಟಲಿನ ಸದ್ದು. ಆಮೇಲೆ ಅತ್ತಿಗೆಯ ಗಂಡ, ಎಂದಿನ ಸಮಾಧಾನದ ದನಿಯಲ್ಲಿ:

"ಬಾಗಿಲು ಹಾಕಿ."